ಸುದ್ದಿ ಮಾಧ್ಯಮಗಳ ಮೇಲಿನ ಅಪನಂಬಿಕೆ ಮತ್ತು ವಿಶ್ವಾಸಾರ್ಹ ಮಾಹಿತಿ

ಪತ್ರಿಕೆ, ರೇಡಿಯೊ, ಟಿವಿ ವಾಹಿನಿಗಳು ಮತ್ತು ಅವುಗಳ ಜಾಲತಾಣಗಳು ಕೊಡುವ ಸುದ್ದಿಯ ಹಿಂದೆ ಮಾಲೀಕರ, ಜಾಹೀರಾತುದಾರರ ಅಥವಾ ಸರ್ಕಾರದ ಕೈವಾಡವಿದೆ ಎಂದು ಓದುಗರು, ನೋಡುಗರು ಶಂಕಿಸುವುದು ಇಂದು ಜಗತ್ತಿನ ಬಹುತೇಕ ದೇಶಗಳಲ್ಲಿ ಕಾಣುವ ಸಂಗತಿ. ಪತ್ರಿಕೆಯಷ್ಟೇ ಹಳೆಯದಾದ ಈ ಶಂಕೆ ಕಳೆದ ಮೂರು ದಶಕಗಳಲ್ಲಿ ಬೇರೆ ರೂಪ ತಾಳಿದೆ. ಹಿಂದೆ ಓದುಗನಿಗೆ ಇದ್ದ ಅನುಮಾನ, ಸರ್ಕಾರ ಏನನ್ನು ಬರೆಯಗೊಡಲಿಲ್ಲ ಎಂಬುದು. ಈಗಿನದು, ಇದನ್ನು ಬರೆಯಲು ಯಾರು ಎಷ್ಟು ಕೊಟ್ಟರು ಎಂಬುದು. ಈ ಲೇಖನ ಮುಖ್ಯವಾಗಿ ಭಾರತದ, ಅದರಲ್ಲೂ ಕನ್ನಡದ ಸುದ್ದಿಲೋಕವನ್ನು ಕುರಿತದ್ದು.

ಅಪನಂಬಿಕೆಯನ್ನು ಅಳೆಯುವ ಸಮೀಕ್ಷೆಗಳು ಹಲವಿವೆ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1970ರ ದಶಕದಿಂದ ಕೇಳುತ್ತ ಬಂದಿರುವ ಒಂದೇ ಪ್ರಶ್ನೆಗೆ ಮಾಧ್ಯಮಗಳ ಮೇಲೆ ನಂಬಿಕೆಯಿದೆ ಎಂದವರು 1976ರಲ್ಲಿ ಶೇ 72ರಷ್ಟಿದ್ದರು. 2024ರಲ್ಲಿ ಶೇ 31. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ತನ್ನ ವಾರ್ಷಿಕ ಡಿಜಿಟಲ್ ನ್ಯೂಸ್ ವರದಿಗೆ ಭಾರತವನ್ನು ಮೊದಲು ಸೇರಿಸಿಕೊಂಡದ್ದು 2021ರಲ್ಲಿ. ಆಗ ಸುದ್ದಿಯನ್ನು ಸಾಮಾನ್ಯವಾಗಿ ನಂಬುತ್ತೇವೆ ಎಂದವರು ಶೇ 38, 2024ರಲ್ಲಿ ಶೇ 41. ಅದೇ ವರ್ಷ ಒಟ್ಟು ದೇಶಗಳ ಸರಾಸರಿ ಶೇ 40ರ ಆಸುಪಾಸಿನಲ್ಲಿತ್ತು. ಆದರೆ ಭಾರತದ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರು ಇಂಗ್ಲಿಷ್ ಬಲ್ಲ, ಇಂಟರ್‌ನೆಟ್‌ನಲ್ಲಿ ಸುದ್ದಿ ಓದುವ ಜನ. ಹಾವೇರಿಯ ಬಸ್ ನಿಲ್ದಾಣದಲ್ಲಿ ಕನ್ನಡ ಪತ್ರಿಕೆ ಬಿಡಿಸಿ ಕೂತವರು ಈ ಲೆಕ್ಕದಲ್ಲಿಲ್ಲ. ಹಾಗಾಗಿ ಈ ಅಂಕಿಗಳನ್ನು ಇಡೀ ದೇಶದ ಮನಸ್ಸೆಂದು ಉಲ್ಲೇಖಿಸುವ ಲೇಖನಗಳನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. ಹಳೆಯ ಪತ್ರಿಕೆಗಳು, ದೂರದರ್ಶನ ಮತ್ತು ಆಕಾಶವಾಣಿಯ ಬಗ್ಗೆ ಹೆಚ್ಚಿನ ನಂಬಿಕೆ ಅದೇ 2021ರ ವರದಿಯಲ್ಲಿ ಕಂಡುಬಂದಿತ್ತು. ಸರ್ಕಾರಿ ಬಾನುಲಿಯನ್ನು ಗೇಲಿ ಮಾಡುವ ತಲೆಮಾರಿಗೆ ಇದು ಸೋಜಿಗ. ಸಂಜೆಯ ಪ್ರದೇಶ ಸಮಾಚಾರ ಕೇಳಿ ಬೆಳೆದವರಿಗೆ ಅಷ್ಟೇನೂ ಅಲ್ಲ.

ಕತ್ತರಿಯ ಕಾಲ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಆ ದಿನವನ್ನೇ ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಪತ್ರಿಕೆ ಮತ್ತು ಓದುಗ ಬಹುಮಟ್ಟಿಗೆ ಒಂದೇ ಪಕ್ಷದವರು, ಎದುರಾಳಿ ಸರ್ಕಾರ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕಾ ನಿಬಂಧನೆ ಬಂದು ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವುದೇ ಕಷ್ಟವಾದಾಗ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿ ಪ್ರತಿಭಟಿಸಿದರು. ಆಗ ನಿಂತುಹೋದ ಪತ್ರಿಕೆಗೂ ಒಂದು ಮರ್ಯಾದೆಯಿತ್ತು.

ಸ್ವತಂತ್ರ ಭಾರತದಲ್ಲಿ ಆ ಮರ್ಯಾದೆಗೆ ದೊಡ್ಡ ಪೆಟ್ಟು ಬಿದ್ದದ್ದು 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ. ಜೂನ್ 25ರ ರಾತ್ರಿ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದ ಮುದ್ರಣಾಲಯಗಳಿಗೆ ವಿದ್ಯುತ್ ಕಡಿತವಾಯಿತು. ಮುಂದೆ ಪ್ರತಿ ಸುದ್ದಿಯೂ ಸೆನ್ಸಾರ್ ಅಧಿಕಾರಿಯ ಮೇಜಿನ ಮೇಲೆ ಹಾದುಹೋಗಬೇಕಾಯಿತು. ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟಿಸಿತು. ಬಹುಪಾಲು ಪತ್ರಿಕೆಗಳು ಅಷ್ಟನ್ನೂ ಮಾಡಲಿಲ್ಲ. 1966ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಪತ್ರಿಕಾ ಮಂಡಳಿಯೇ ಆ ಅವಧಿಯಲ್ಲಿ ರದ್ದಾಯಿತು. ದೇಶದಲ್ಲಿ ನಡೆಯುತ್ತಿರುವುದನ್ನು ತಿಳಿಯಲು ಜನ ರೇಡಿಯೊದ ಮುಳ್ಳನ್ನು ಬಿಬಿಸಿಯ ಕಡೆ ತಿರುಗಿಸುವ ರೂಢಿ ಬಲಿತದ್ದು ಆಗಲೇ. ದೇಶದ ಪತ್ರಿಕೆ ಬಾಯಿ ಮುಚ್ಚಿಕೊಂಡಾಗ ಹೊರಗಿನ ದನಿ ಹೆಚ್ಚು ನಿಜವೆನಿಸುವ ಆ ಮನೋಭಾವ ಇಂದಿಗೂ ಉಳಿದಿದೆ, ದನಿ ಮಾತ್ರ ಯೂಟ್ಯೂಬ್‌ನದು.

ದುಡ್ಡು ಯಾರದು

ಭಾರತದ ದಿನಪತ್ರಿಕೆಯ ಮುಖಬೆಲೆ ಅದನ್ನು ಅಚ್ಚು ಮಾಡಿ ಮನೆಬಾಗಿಲಿಗೆ ತಲುಪಿಸುವ ಖರ್ಚಿನ ಒಂದು ಪಾಲು ಮಾತ್ರ; ಉಳಿದದ್ದನ್ನು ತುಂಬುವುದು ಜಾಹೀರಾತು. 1990ರ ದಶಕದ ದರಸಮರದಲ್ಲಿ ದೊಡ್ಡ ಪತ್ರಿಕೆಗಳು ಬೆಲೆಯನ್ನು ಇನ್ನಷ್ಟು ಇಳಿಸಿದಾಗ ಓದುಗ ಸಂತೋಷಪಟ್ಟ. ಆದರೆ ಅಂದಿನಿಂದ ಪತ್ರಿಕೆಯ ಮಟ್ಟಿಗೆ ಅವನು ಗಿರಾಕಿಯಾಗಿ ಉಳಿಯಲಿಲ್ಲ. ಗಿರಾಕಿಯ ಸ್ಥಾನಕ್ಕೆ ಜಾಹೀರಾತುದಾರ ಬಂದ, ಓದುಗ ಆ ಗಿರಾಕಿಗೆ ತೋರಿಸುವ ಲೆಕ್ಕವಾದ. ಭಾರತದ ಮಾಧ್ಯಮಗಳ ಮೇಲಿನ ಇಂದಿನ ಅಪನಂಬಿಕೆಯನ್ನು ಅರ್ಥ ಮಾಡಿಕೊಳ್ಳಲು ಸಿದ್ಧಾಂತ, ಪಕ್ಷ, ಪಂಥಗಳಿಗಿಂತ ಮೊದಲು ನೋಡಬೇಕಾದದ್ದು ಈ ಲೆಕ್ಕವನ್ನು.

ಇದಕ್ಕೆ ವಿರುದ್ಧವಾದ ಪ್ರಯೋಗ ಕನ್ನಡದಲ್ಲೇ ನಡೆದಿತ್ತು. ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಪಡೆಯದೆ, ಓದುಗ ಕೊಟ್ಟ ದುಡ್ಡಿನಲ್ಲೇ ನಡೆಯಿತು. ಅದರ ಭಾಷೆ, ತೀರ್ಪುಗಳ ಬಗ್ಗೆ ಜಗಳಗಳಾದವು, ಮಾನನಷ್ಟ ಮೊಕದ್ದಮೆಗಳೂ ಬಿದ್ದವು. ಆದರೂ ಇದನ್ನು ಬರೆಸಿದವರು ಯಾರು ಎಂಬ ಪ್ರಶ್ನೆ ಅದರ ಓದುಗರನ್ನು ಕಾಡಲಿಲ್ಲ. ದಿನಪತ್ರಿಕೆಯ ಗಾತ್ರದ ವೆಚ್ಚಕ್ಕೆ ಈ ಮಾದರಿ ಹೊಂದುವುದಿಲ್ಲ ಎಂಬುದು ನಿಜ. ಅದನ್ನು ಹೇಳದೆ ಲಂಕೇಶರನ್ನು ಹೊಗಳುವುದು ಸುಲಭದ ಕೆಲಸ.

ಎದುರು ದಿಕ್ಕಿನ ನಡಿಗೆ ಚುರುಕಾಗಿತ್ತು. 2003ರಲ್ಲಿ ಟೈಮ್ಸ್ ಸಮೂಹ ‘ಮೀಡಿಯಾನೆಟ್’ ಎಂಬ ಹೆಸರಿನಲ್ಲಿ ಮನರಂಜನೆಯ ಪುಟಗಳ ಬರಹಕ್ಕೆ ದರ ನಿಗದಿ ಮಾಡಿತು. ಆಮೇಲೆ ಕಂಪನಿಗಳಿಂದ ಜಾಹೀರಾತಿನ ಹಣದ ಬದಲು ಷೇರು ಪಡೆಯುವ ಖಾಸಗಿ ಒಪ್ಪಂದಗಳು ಬಂದವು. ಒಂದು ಕಂಪನಿಯಲ್ಲಿ ಪಾಲಿರುವ ಪತ್ರಿಕೆ ಅದೇ ಕಂಪನಿಯ ಷೇರಿನ ಸುದ್ದಿಯನ್ನು ಬರೆಯುತ್ತದೆ ಎಂಬುದನ್ನು ಷೇರುಪೇಟೆಯ ನಿಯಂತ್ರಕ ಸೆಬಿಯೇ ಗಮನಿಸಿ, ಅಂಥ ಪಾಲನ್ನು ಓದುಗರಿಗೆ ತಿಳಿಸಬೇಕೆಂದು ಹೇಳಬೇಕಾಯಿತು.

‘ಕಾಸಿಗಾಗಿ ಸುದ್ದಿ’ ಹಗರಣ ಬಯಲಾದದ್ದು 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಬೆನ್ನಲ್ಲೇ. ಪತ್ರಕರ್ತ ಪಿ. ಸಾಯಿನಾಥ್ ‘ದಿ ಹಿಂದೂ’ ಪತ್ರಿಕೆಯಲ್ಲಿ ಪೈಪೋಟಿಯ ಮರಾಠಿ ಪತ್ರಿಕೆಗಳ ಪುಟಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಆಗಿನ ಮುಖ್ಯಮಂತ್ರಿ ಅಶೋಕ ಚವಾಣರನ್ನು ಕೊಂಡಾಡುವ ಒಂದೇ ಬರಹ ಅಕ್ಷರವೂ ಬದಲಾಗದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದಿತ್ತು. ಎಲ್ಲಿಯೂ ಅದು ಜಾಹೀರಾತು ಎಂಬ ಸೂಚನೆ ಇರಲಿಲ್ಲ. ಚುನಾವಣಾ ವೆಚ್ಚದ ಲೆಕ್ಕದಲ್ಲಿ ಚವಾಣರು ಪತ್ರಿಕಾ ಜಾಹೀರಾತಿಗೆ ತೋರಿಸಿದ್ದು ₹5,379. ಚುನಾವಣಾ ಆಯೋಗ 2014ರಲ್ಲಿ ಈ ಲೆಕ್ಕ ಸರಿಯಿಲ್ಲವೆಂದು ಆದೇಶಿಸಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನ ಮಟ್ಟಿಗೆ ಮುಗಿದ ಕಥೆ. ಪತ್ರಿಕೆಗಳ ಮಟ್ಟಿಗೆ ಹಾಗಲ್ಲ. ಪತ್ರಿಕಾ ಮಂಡಳಿ ನೇಮಿಸಿದ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರ ಉಪಸಮಿತಿ 2010ರಲ್ಲಿ ಹೆಸರುಗಳ ಸಮೇತ ದೀರ್ಘ ವರದಿ ಕೊಟ್ಟಿತು. ಮಂಡಳಿ ಹೊರಗೆಡವಿದ್ದು ಹೆಸರುಗಳಿಲ್ಲದ ಚುಟುಕು ವರದಿಯನ್ನು. ಪೂರ್ಣ ವರದಿ ಜನರ ಕೈಗೆ ಸಿಕ್ಕಿದ್ದು ಮರುವರ್ಷ, ಕೇಂದ್ರ ಮಾಹಿತಿ ಆಯೋಗದ ಆದೇಶದ ನಂತರ. ಮಾಧ್ಯಮದ ತಪ್ಪನ್ನು ವಿಚಾರಿಸುವ ಸಂಸ್ಥೆಯಿಂದಲೇ ಮಾಹಿತಿ ಹಕ್ಕು ಕಾಯ್ದೆಯಡಿ ಸುದ್ದಿ ಹೊರಡಿಸಬೇಕಾಗಿ ಬಂದದ್ದು ಈ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚನ್ನು ಹೇಳುವ ಘಟನೆ.

ಮಾಲೀಕತ್ವದ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ನೆಟ್‌ವರ್ಕ್18 ಸಮೂಹ 2014ರಲ್ಲಿ ರಿಲಯನ್ಸ್ ತೆಕ್ಕೆಗೆ, ಎನ್‌ಡಿಟಿವಿ 2022ರ ಕೊನೆಗೆ ಅದಾನಿ ಸಮೂಹಕ್ಕೆ ಹೋದವು. ಕನ್ನಡದಲ್ಲಿ ರಾಜಕಾರಣಿಗಳ ಕುಟುಂಬಗಳೇ ವಾಹಿನಿ ಕಟ್ಟಿದ ಉದಾಹರಣೆಗಳಿವೆ. 2007ರಲ್ಲಿ ಶುರುವಾದ ಕಸ್ತೂರಿ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಕುಟುಂಬ ಕಟ್ಟಿದ್ದು. ಮಾಲೀಕ ಯಾರೆಂದು ಗೊತ್ತಿರುವ ವಾಹಿನಿಯಲ್ಲಿ ಒಂದು ಅನುಕೂಲವಿದೆ, ನೋಡುಗ ಎಲ್ಲಿ ಎಷ್ಟು ಕಳೆಯಬೇಕೆಂದು ಲೆಕ್ಕ ಹಾಕಬಲ್ಲ. ತೊಂದರೆ ಇರುವುದು ಗೊತ್ತಿಲ್ಲದ ಕಡೆ.

ಸ್ಟುಡಿಯೊ

ಟಿವಿಯ ಅಪಖ್ಯಾತಿ ಪತ್ರಿಕೆಯದಕ್ಕಿಂತ ದೊಡ್ಡದು, ಕಾರಣವೂ ಸರಳ. ಇಪ್ಪತ್ನಾಲ್ಕು ಗಂಟೆ ತುಂಬಿಸಬೇಕು, ವರದಿಗಾರರನ್ನು ಊರೂರಿಗೆ ಕಳಿಸುವುದಕ್ಕಿಂತ ನಾಲ್ವರನ್ನು ಕೂರಿಸಿ ಜಗಳ ಹಚ್ಚುವುದು ಅಗ್ಗ. ನೋಡುಗರ ಸಂಖ್ಯೆಯನ್ನು ಬಾರ್ಕ್ ಸಂಸ್ಥೆ ದೇಶದಾದ್ಯಂತ ಹತ್ತಾರು ಸಾವಿರ ಮನೆಗಳಲ್ಲಿಟ್ಟ ಮೀಟರ್‌ಗಳಿಂದ ಅಳೆಯುತ್ತದೆ. ಆ ಮನೆಗಳಿಗೆ ಹಣ ಕೊಟ್ಟು ನಿರ್ದಿಷ್ಟ ವಾಹಿನಿ ಹಾಕಿಡಿಸಿದ ಆರೋಪವನ್ನು 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಹೊರಿಸಿದರು. ಸುದ್ದಿ ವಾಹಿನಿಗಳ ರೇಟಿಂಗ್ ಪ್ರಕಟಣೆ ನಿಂತಿತು, ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಆ ಒಂದೂವರೆ ವರ್ಷ ಮೀಟರಿನ ಒತ್ತಡವಿಲ್ಲದಿದ್ದರೂ ಸ್ಟುಡಿಯೊಗಳ ದನಿ ಇಳಿಯಲಿಲ್ಲ.

2016ರ ನವೆಂಬರ್‌ನಲ್ಲಿ ನೋಟು ರದ್ದಾಗಿ ₹2,000ರ ಹೊಸ ನೋಟು ಬಂದಾಗ, ಅದರಲ್ಲಿ ನ್ಯಾನೊ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಕಥೆಯನ್ನು ದೊಡ್ಡ ಹಿಂದಿ ವಾಹಿನಿಗಳೇ ಗ್ರಾಫಿಕ್ಸ್ ಸಮೇತ ವಿವರಿಸಿದವು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ ಇರಲಿಲ್ಲ; ಅದನ್ನು ಓದಿದ್ದರೆ ಸಾಕಿತ್ತು.

ಕನ್ನಡದ ಉದಾಹರಣೆ ಇನ್ನೂ ಹತ್ತಿರದ್ದು. ಮಂಡ್ಯ ಜಿಲ್ಲೆಯ ಹಳ್ಳಿಯ ಯುವಕನೊಬ್ಬ ಇ-ತ್ಯಾಜ್ಯದಿಂದ ನೂರಾರು ಡ್ರೋನ್ ಕಟ್ಟಿದ್ದಾನೆ, ವಿದೇಶಗಳಲ್ಲಿ ಪದಕ ಗೆದ್ದಿದ್ದಾನೆ, ಹತ್ತಾರು ದೇಶಗಳು ಕರೆದರೂ ಹೋಗದೆ ಇಲ್ಲೇ ಉಳಿದಿದ್ದಾನೆ ಎಂಬ ಕಥೆ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ, ಸನ್ಮಾನ ಸಮಾರಂಭಗಳಲ್ಲಿ ತಿರುಗಿತು. 2020ರಲ್ಲಿ ಸತ್ಯಶೋಧನಾ ತಾಣಗಳು ಕೇಳಿದ್ದು ತೀರ ಸಾಮಾನ್ಯ ಪ್ರಶ್ನೆಗಳು: ಯಾವ ಸ್ಪರ್ಧೆ, ಯಾವ ದಿನ, ವಿಜೇತರ ಪಟ್ಟಿ ಎಲ್ಲಿ, ಫೋಟೋದಲ್ಲಿ ಪಕ್ಕದಲ್ಲಿರುವ ಯಂತ್ರ ಯಾರದು? ಯಂತ್ರ ವಿದೇಶಿ ಕಂಪನಿಯದೆಂದು ತಿಳಿಯಿತು, ಕಥೆ ಕುಸಿಯಿತು. ಆಮೇಲೆ ಅದೇ ವಾಹಿನಿಗಳು ಆ ಯುವಕನನ್ನು ದಿನಗಟ್ಟಲೆ ಹರಿದು ತಿಂದವು. ತಾವು ಒಂದೂ ಫೋನ್ ಮಾಡದೆ ಪ್ರಸಾರ ಮಾಡಿದ್ದೆವು ಎಂಬ ಮಾತು ಆ ಕಾರ್ಯಕ್ರಮಗಳ ವಿಷಯವಾಗಲಿಲ್ಲ. ಜನರ ನಂಬಿಕೆ ಕೆಡಿಸುವುದು ತಪ್ಪಿಗಿಂತ ಹೆಚ್ಚಾಗಿ ಈ ನಡವಳಿಕೆ.

ತಿದ್ದುವ ವ್ಯವಸ್ಥೆ ಇಲ್ಲವೆಂದಲ್ಲ, ಅದಕ್ಕೆ ಹಲ್ಲಿಲ್ಲ. 1978ರ ಕಾಯ್ದೆಯಡಿ ಮರುಹುಟ್ಟು ಪಡೆದ ಪತ್ರಿಕಾ ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವಂತಿಲ್ಲ. ವಾಹಿನಿಗಳ ಒಕ್ಕೂಟ 2008ರಲ್ಲಿ ತನ್ನದೇ ಮಾನದಂಡ ಪ್ರಾಧಿಕಾರ ಮಾಡಿಕೊಂಡಿತು. 2020ರ ಕೊರೊನಾ ಆರಂಭದಲ್ಲಿ ತಬ್ಲೀಗ್ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಕುರಿತ ಕಾರ್ಯಕ್ರಮಗಳ ಬಗ್ಗೆ ಬೆಂಗಳೂರಿನ ನಾಗರಿಕ ಗುಂಪೊಂದು ದೂರು ಕೊಟ್ಟಾಗ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ ₹1 ಲಕ್ಷ, ಸುವರ್ಣ ನ್ಯೂಸ್‌ಗೆ ₹50,000 ದಂಡ ವಿಧಿಸಿತು. ಆದೇಶ ಬರುವ ಹೊತ್ತಿಗೆ ವರ್ಷ ಮೀರಿತ್ತು, ಎರಡನೆಯ ಅಲೆಯೂ ಬಂದಿತ್ತು. ₹1 ಲಕ್ಷ ಆಗ ಅಲ್ಲಿನ ಗರಿಷ್ಠ ದಂಡವಾಗಿತ್ತು; ಒಂದು ಲಕ್ಷಕ್ಕೆ ಯಾವ ವಾಹಿನಿ ಹೆದರೀತು ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟೇ 2023ರಲ್ಲಿ ಪ್ರಶ್ನಿಸಿತು. ‘ದಿ ಹಿಂದೂ’ 2006ರಲ್ಲಿ ಓದುಗರ ಸಂಪಾದಕ ಎಂಬ ಹುದ್ದೆ ತೆರೆದು ದಿನವೂ ತಿದ್ದುಪಡಿ ಪ್ರಕಟಿಸುವ ಪದ್ಧತಿ ಹಾಕಿತು. ಆ ಪದ್ಧತಿ ಬೇರೆ ಪತ್ರಿಕೆಗಳಿಗೆ ಅಷ್ಟಾಗಿ ಹಬ್ಬಲಿಲ್ಲ.

ಪತ್ರಿಕೆ ಬಿಟ್ಟವರು ಎಲ್ಲಿಗೆ ಹೋದರು

ಮಾಧ್ಯಮ ಮಾರಿಕೊಂಡಿದೆ ಎಂದು ಪತ್ರಿಕೆ ನಿಲ್ಲಿಸಿದವರು ಸುದ್ದಿಯನ್ನೇ ಬಿಡಲಿಲ್ಲ; ಊರಿನ, ಜಾತಿಯ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋದರು. ಅಲ್ಲಿ ಸುದ್ದಿ ಕೊಡುವವನು ಭಾವಮೈದುನ. ಅವನಿಗೆ ಜಾಹೀರಾತುದಾರರಿಲ್ಲ, ಹಾಗಾಗಿ ಸುಳ್ಳು ಹೇಳಲು ಕಾರಣವೂ ಇಲ್ಲ ಎಂಬ ತರ್ಕ ಮೇಲ್ನೋಟಕ್ಕೆ ಗಟ್ಟಿ. ಅವನಿಗೆ ಅದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಇದರ ಪರಿಣಾಮವನ್ನು ಬೆಂಗಳೂರು ವಾಟ್ಸ್‌ಆ್ಯಪ್ ಮನೆಮಾತಾಗುವ ಮೊದಲೇ ಕಂಡಿತ್ತು. 2012ರ ಆಗಸ್ಟ್ ಮಧ್ಯದಲ್ಲಿ, ರಂಜಾನ್ ಮುಗಿಯುತ್ತಲೇ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಸೆಕ್ಯುರಿಟಿ ಗಾರ್ಡ್‌ಗಳು, ಬ್ಯೂಟಿ ಪಾರ್ಲರ್‌ಗಳಲ್ಲಿ, ಹೋಟೆಲ್‌ಗಳಲ್ಲಿ ದುಡಿಯುತ್ತಿದ್ದವರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಸಿಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಉಳಿಯಿರೆಂದು ಕೇಳಿಕೊಂಡರು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ದೇಶಕ್ಕೆಲ್ಲ ಮಿತಿ ಹಾಕಿತು. ಪತ್ರಿಕೆಗಳು, ವಾಹಿನಿಗಳು ‘ಏನೂ ಆಗಿಲ್ಲ’ ಎಂದು ಸಾರುತ್ತಿದ್ದರೂ ರೈಲು ತುಂಬುವುದು ನಿಲ್ಲಲಿಲ್ಲ. ಆ ಜನರಿಗೆ ಇಲ್ಲಿನ ಭಾಷೆಯ ಪತ್ರಿಕೆ ಓದಲು ಬರುತ್ತಿರಲಿಲ್ಲ, ಊರಿನಿಂದ ಅಮ್ಮ ಮಾಡಿದ ಫೋನ್ ಅರ್ಥವಾಗುತ್ತಿತ್ತು.

2018ರಲ್ಲಿ ಮಕ್ಕಳ ಕಳ್ಳರ ವದಂತಿ ಜೀವ ತೆಗೆಯಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು, ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಗುಂಪು ಕೊಂದಿತು. ಮುರ್ಕಿಯ ಘಟನೆಯ ಮೂಲ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು, ‘ಫಾರ್ವರ್ಡೆಡ್’ ಎಂಬ ಗುರುತನ್ನೂ ಸೇರಿಸಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಹರಿದ ಸಂದೇಶಕ್ಕೆ ಮಿತಿ ಒಂದಕ್ಕೆ ಇಳಿಯಿತು. 2018ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಎಂಐಟಿ ಸಂಶೋಧಕರ ಅಧ್ಯಯನ, ಟ್ವಿಟರ್‌ನಲ್ಲಿ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಹರಡುವವರು ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯರೇ ಎಂದೂ ಹೇಳಿತು.

ಸತ್ಯಶೋಧಕರು

2017ರ ಫೆಬ್ರುವರಿಯಲ್ಲಿ ಪ್ರತೀಕ್ ಸಿನ್ಹಾ, ಮೊಹಮ್ಮದ್ ಜುಬೇರ್ ಆರಂಭಿಸಿದ ಆಲ್ಟ್ ನ್ಯೂಸ್, ಮುಂಬೈಯ ಬೂಮ್, ತೆಲುಗು ನೆಲದ ಫ್ಯಾಕ್ಟ್ಲಿ ಮುಂತಾದವು ಭಾರತದಲ್ಲಿ ಸತ್ಯಶೋಧನೆಯನ್ನು ಒಂದು ವೃತ್ತಿಯಾಗಿಸಿದವು. ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಹತ್ಯೆಯಾಗುವ ಮುನ್ನ ತಮ್ಮ ಪತ್ರಿಕೆಗೆ ಬರೆದ ಕೊನೆಯ ಸಂಪಾದಕೀಯದ ವಿಷಯವೂ ಸುಳ್ಳು ಸುದ್ದಿಯೇ. ಕನ್ನಡದಲ್ಲಿ ನ್ಯೂಸ್‌ಚೆಕರ್‌ನಂಥ ತಾಣಗಳು ಬರೆಯುತ್ತಿವೆ, ‘ಪ್ರಜಾವಾಣಿ’ ಫ್ಯಾಕ್ಟ್‌ಚೆಕ್ ಅಂಕಣ ನಡೆಸಿದೆ. ಇವರ ಕೆಲಸ ಉಪಯುಕ್ತ, ಆದರೆ ಸ್ವಭಾವತಃ ತಡ. ಫಾರ್ವರ್ಡ್ ಊರು ಸುತ್ತಿ ಬಂದ ಮೇಲೆ ಶೋಧ ಹೊರಡುತ್ತದೆ, ಮೊದಲನೆಯದನ್ನು ಓದಿದವರಿಗೆ ಎರಡನೆಯದು ತಲುಪುವುದು ಅಪರೂಪ.

ಪರ್ಯಾಯ ಮಾಧ್ಯಮವೆಂದ ಮಾತ್ರಕ್ಕೆ ನಂಬಿಕೆ ತಾನಾಗಿ ಬರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ‘ದಿ ವೈರ್’ ಮೆಟಾ ಕಂಪನಿಯ ಕುರಿತ ತನ್ನ ವರದಿಗಳ ದಾಖಲೆಗಳು ನಿಲ್ಲುವಂಥವಲ್ಲವೆಂದು ಕಂಡು ಅವನ್ನು ಹಿಂತೆಗೆದುಕೊಂಡಿತು. ಕೆಲವರು ಇದನ್ನು ಆ ತಾಣದ ಮೇಲಿನ ಅಂತಿಮ ತೀರ್ಪಾಗಿ ಓದಿದರು. ಹಿಂತೆಗೆದುಕೊಂಡಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನ್ಯಾನೊ ಚಿಪ್‌ನ ಕಥೆಗೆ ಅಂಥ ಬಹಿರಂಗ ವಿಚಾರಣೆ ನಡೆಯಲಿಲ್ಲ.

ಮೂಲಕ್ಕೆ ಹೋಗುವ ದಾರಿಗಳು

ಕನ್ನಡ ದಿನಪತ್ರಿಕೆಗಳಲ್ಲಿ ಯಾರೂ ಅನುಮಾನಿಸದ ಒಂದು ಮೂಲೆಯಿದೆ: ಮಳೆಗಾಲದಲ್ಲಿ ಬರುವ ಜಲಾಶಯಗಳ ಮಟ್ಟ. ಕೆಆರ್‌ಎಸ್‌ನ ಗರಿಷ್ಠ 124.80 ಅಡಿ, ಲಿಂಗನಮಕ್ಕಿಯದು 1,819 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಸಂಪಾದಕೀಯವನ್ನು ಬೈದುಕೊಳ್ಳುವ ರೈತನೂ ಈ ಚೌಕವನ್ನು ನಂಬಿ ನಾಟಿಯ ಲೆಕ್ಕ ಹಾಕುತ್ತಾನೆ. ಅಂಕಿ ಯಾರದೆಂದು ಗೊತ್ತು, ನಾಳೆ ಮತ್ತೆ ಬರುತ್ತದೆ, ತಪ್ಪಿದ್ದರೆ ಕಣ್ಣಿಗೆ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ನದಿಪಾತ್ರದ ಹಳ್ಳಿಗಳಿಗೆ ಬೇಕಿದ್ದದ್ದು ಕೂಡ ಎಷ್ಟು ಕ್ಯುಸೆಕ್ ಬಿಡುತ್ತಿದ್ದಾರೆ ಎಂಬ ಒಂದು ಅಂಕಿ, ಅದೂ ಬಿಡುವವರ ಬಾಯಿಂದ.

ಇಂಥ ಮೂಲಗಳು ಜನ ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಮಳೆಯ ಅಂಕಿಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಸರ್ಕಾರದ ಯೋಜನೆಯ ಹಣ ಯಾರಿಗೆ ಹೋಯಿತೆಂಬುದಕ್ಕೆ ‘ಮಾಹಿತಿ ಕಣಜ’ ತಾಣವಿದೆ. ಅಭ್ಯರ್ಥಿಯ ಆಸ್ತಿ, ಮೊಕದ್ದಮೆಗಳ ವಿವರ ಪ್ರಮಾಣಪತ್ರದಲ್ಲೇ ಸಿಗುತ್ತದೆ. ಅದನ್ನು ಕಡ್ಡಾಯ ಮಾಡಿಸಿದ್ದು ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ 2002ರ ಸುಪ್ರೀಂ ಕೋರ್ಟ್ ತೀರ್ಪು. ಮಹಾಲೇಖಪಾಲರ ವರದಿ ಸದನದಲ್ಲಿ ಮಂಡನೆಯಾದ ದಿನವೇ ಓದಲು ಸಿಗುತ್ತದೆ, ಪತ್ರಿಕೆಯ ತಲೆಬರಹಕ್ಕೆ ಬಾರದ ಸಂಗತಿಗಳು ಅದರ ಒಳಪುಟಗಳಲ್ಲಿರುತ್ತವೆ. ಸರ್ಕಾರದ ಅಂಕಿಯೂ ಸರ್ಕಾರದ ಹಿತಕ್ಕೆ ಬಾಗಬಲ್ಲದು, ಕೊರೊನಾ ಸಾವುಗಳ ಲೆಕ್ಕದಲ್ಲಿ ಅದನ್ನು ಕಂಡಿದ್ದೇವೆ. ಆ ಬಾಗುವಿಕೆ ಪತ್ತೆಯಾದದ್ದು ಕೂಡ ಪತ್ರಕರ್ತರು ಚಿತಾಗಾರದ ಪುಸ್ತಕ, ಜನನ-ಮರಣ ನೋಂದಣಿಗಳನ್ನು ಒಟ್ಟಿಗಿಟ್ಟು ನೋಡಿದಾಗ.

ದಾಖಲೆ ಹುಡುಕಲು ಪುರುಸೊತ್ತಿಲ್ಲದ ಓದುಗ ಸುದ್ದಿಯ ಮೈಯನ್ನೇ ನೋಡಬಹುದು. ಹೆಸರು, ಹುದ್ದೆ, ಊರು, ದಿನಾಂಕ ಇರುವ ವರದಿ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡಿರುತ್ತದೆ. ‘ಮೂಲಗಳ ಪ್ರಕಾರ’ ಎಂದು ಮಾತ್ರ ಹೇಳುವುದಕ್ಕೆ ಆ ಭಯವಿಲ್ಲ. ಆರೋಪಕ್ಕೊಳಗಾದವರ ಪ್ರತಿಕ್ರಿಯೆ ಕೇಳಿದ್ದಾರೆಯೇ, ಐದು ತಾಣಗಳು ಹೇಳುತ್ತಿರುವುದು ಒಂದೇ ಏಜೆನ್ಸಿಯ ಸುದ್ದಿಯೇ, ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಯಾವ ಹಳೆಯ ವರ್ಷದ್ದೆಂದು ಬರುತ್ತದೆ ಎಂಬುದನ್ನು ಎರಡು ನಿಮಿಷದಲ್ಲಿ ತಿಳಿಯಬಹುದು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ದನಿ ಮತ್ತು ದೃಶ್ಯಗಳಿಗೆ ಮಾತ್ರ ಈ ಉಪಾಯ ಸಾಲದು. ಹಳೆಯ ಚಿತ್ರವೇ ಇಲ್ಲದಿದ್ದಾಗ ಹುಡುಕಿದರೆ ಏನೂ ಸಿಗುವುದಿಲ್ಲ.

ಕಾನೂನಿನ ಪ್ರಯತ್ನಗಳು

ಸುಳ್ಳು ಯಾವುದೆಂದು ಸರ್ಕಾರವೇ ಹೇಳುವ ಯತ್ನಗಳೂ ನಡೆದಿವೆ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ 2019ರಲ್ಲಿ ಫ್ಯಾಕ್ಟ್‌ಚೆಕ್ ಘಟಕ ತೆರೆಯಿತು. 2023ರಲ್ಲಿ ಕೇಂದ್ರವು ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ತನ್ನ ವ್ಯವಹಾರದ ಬಗೆಗಿನ ಸುದ್ದಿ ಸುಳ್ಳೇ ಎಂದು ತನ್ನ ಘಟಕವೇ ತೀರ್ಮಾನಿಸುವ ಅಧಿಕಾರ ಪಡೆಯಿತು. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತಿತರರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು, ಮೂರನೆಯವರ ಅಭಿಪ್ರಾಯದ ನಂತರ 2024ರ ಸೆಪ್ಟೆಂಬರ್‌ನಲ್ಲಿ ಅದು ಬಿದ್ದುಹೋಯಿತು. ಕರ್ನಾಟಕದ ಕಾಂಗ್ರೆಸ್ ಸರ್ಕಾರ ಕೇಂದ್ರದ ಆ ನಡೆಯ ವಿರೋಧಿ ಪಾಳಯದಲ್ಲಿದ್ದರೂ 2025ರಲ್ಲಿ ಹೊರಬಂದ ಅದರ ಕರಡು ಮಸೂದೆಯಲ್ಲಿ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಶಿಕ್ಷೆಯ ಪ್ರಸ್ತಾಪವಿತ್ತು. ಪತ್ರಕರ್ತರು, ಡಿಜಿಟಲ್ ಹಕ್ಕುಗಳ ಸಂಘಟನೆಗಳು ಕೂಡಲೇ ಆಕ್ಷೇಪಿಸಿದವು.

ಇನ್ನೊಂದು ಬದಲಾವಣೆಗೆ ಇಷ್ಟು ಗದ್ದಲವಾಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. ವೈಯಕ್ತಿಕ ಮಾಹಿತಿಯನ್ನು ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂದು ಆ ಕಲಮಿನಲ್ಲೇ ಇದ್ದ ಮಾತು ಹೋಯಿತು. 8(2)ರಲ್ಲಿ ಸಾರ್ವಜನಿಕ ಹಿತದ ಸಾಮಾನ್ಯ ಅವಕಾಶ ಉಳಿದಿದೆ ಎಂಬುದು ಸರ್ಕಾರದ ಸಮಜಾಯಿಷಿ. ಪಡಿತರದ ಫಲಾನುಭವಿಗಳ ಪಟ್ಟಿ, ಗುತ್ತಿಗೆದಾರನ ಹೆಸರು, ಅಧಿಕಾರಿಯ ಮೇಲಿನ ಇಲಾಖಾ ವಿಚಾರಣೆ ಇವೆಲ್ಲ ವೈಯಕ್ತಿಕವೆನಿಸಿಕೊಂಡರೆ ತಾಲ್ಲೂಕು ಕಚೇರಿಗೆ ಅರ್ಜಿ ಹಾಕುವ ಜಿಲ್ಲಾ ವರದಿಗಾರನಿಗೂ, ಪತ್ರಿಕೆಯನ್ನು ನಂಬದೆ ತಾನೇ ಅರ್ಜಿ ಹಾಕುವ ಓದುಗನಿಗೂ ಸಿಗುವ ಹಿಂಬರಹ ಒಂದೇ ಆಗಿರುತ್ತದೆ.